ಪಂಡಿತಾ ರಮಾಬಾಯಿಯವರೂ ಶಾರದಾ ಸದನವೂ

೧

ದಾನಗಳೆಲ್ಲವುಗಳಲ್ಲಿ ವಿದ್ಯಾದಾನವು ಶ್ರೇಷ್ಠವೆಂಬ ಮಾತನ್ನು ಕೇಳದ ಕಿವಿಯು ಈ ದೇಶದಲ್ಲಿಲ್ಲ. ಆದರೆ ಆ ದಾನಕ್ಕೆ ಪಾತ್ರರು ಯಾರು ಎಂಬ ಪ್ರಶ್ನೆಯು ಎದುರಾದಾಗ, ಅದೇ ಮಾತನ್ನಾಡಿದ ಬಾಯಿಗಳು ಬಹುಕಾಲ ಮೌನವಾಗಿದ್ದುವು. ಗಾರ್ಗಿ ಮೈತ್ರೇಯಿಯರ ಹೆಸರನ್ನು ಸಭೆಗಳಲ್ಲಿ ಗೌರವದಿಂದ ಉಚ್ಚರಿಸಿದ ಪಂಡಿತರೇ ತಮ್ಮ ಮನೆಯ ಹೆಣ್ಣುಮಗುವಿನ ಕೈಗೆ ಓಲೆಗರಿಯನ್ನು ಕೊಡಲು ಹಿಂದೆಗೆದರು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನನ್ನು ತುಂಬಿದ ಸಭೆಯಲ್ಲಿ ಪ್ರಶ್ನಿಸಿದ ಹೆಂಗಸಿನ ಕಥೆಯು ಪಾಠವಾಗಿ ಉಳಿಯಿತು, ಆಚಾರವಾಗಿ ಉಳಿಯಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಅಂತರವನ್ನು ತಮ್ಮ ಜೀವಿತದಿಂದಲೇ ತುಂಬಲೆಳಸಿದವರೊಬ್ಬರು ಪಂಡಿತಾ ರಮಾಬಾಯಿಯವರು. ಸ್ತ್ರೀಪುರುಷರು ಸಮಾನರೆಂಬ ತತ್ತ್ವವನ್ನು ಉಪನ್ಯಾಸಗಳಲ್ಲಿ ಹೇಳಿದವರು ಆ ಕಾಲದಲ್ಲಿ ಹಲವರಿದ್ದರು. ಅದಕ್ಕೊಂದು ಮನೆಯನ್ನು ಕಟ್ಟಿ, ಒಲೆ ಹೊತ್ತಿಸಿ, ಪಾಟಿ ಬಳಪಗಳನ್ನು ಒದಗಿಸಿ, ಮನೆಗಳಿಂದ ಹೊರದೂಡಲ್ಪಟ್ಟ ಬಾಲವಿಧವೆಯರನ್ನು ಒಳಗೆ ಕರೆದುಕೊಂಡವರು ಕೆಲವರೇ. ರಮಾಬಾಯಿಯವರ ಹೆಸರನ್ನು ಮಹಾರಾಷ್ಟ್ರವು ತನ್ನದೆಂದು ಹೇಳಿಕೊಳ್ಳುತ್ತದೆ. ಅದು ಯುಕ್ತವೂ ಹೌದು. ಆದರೆ ಆ ವೃಕ್ಷದ ಬೇರು ಇಳಿದಿದ್ದುದು ಕನ್ನಡನಾಡಿನ ಘಟ್ಟದ ಮಣ್ಣಿನಲ್ಲಿ. ಈ ಸಂಗತಿಯು ಕನ್ನಡಿಗರಲ್ಲಿ ಅನೇಕರಿಗೆ ಮರೆತುಹೋದಂತಿದೆ.

೨

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳ ಗ್ರಾಮದ ಚಿತ್ಪಾವನ ಮನೆತನದವರು. ವಿದ್ಯಾಕಾಂಕ್ಷಿಯಾಗಿ ಪುಣೆಗೆ ಹೋಗಿ ರಾಮಚಂದ್ರ ಶಾಸ್ತ್ರಿಗಳೆಂಬ ಗುರುಗಳಲ್ಲಿ ಅವರು ಸಂಸ್ಕೃತವನ್ನು ಅಭ್ಯಾಸ ಮಾಡಿದರು. ಆ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯನ ಅರಮನೆಗೆ ಹೋಗಿ ರಾಣಿಯೊಬ್ಬಳಿಗೆ ಪಾಠ ಹೇಳುತ್ತಿದ್ದರು. ಗುರುಗಳ ಹಿಂದೆ ಹೋಗುತ್ತಿದ್ದ ತರುಣ ಶಿಷ್ಯನ ಕಿವಿಗೆ ಒಂದು ದಿನ ಹೆಣ್ಣುದನಿಯಲ್ಲಿ ಸಂಸ್ಕೃತಶ್ಲೋಕವು ಬಿದ್ದಿತು. ಊರಿಗೆ ಮರಳಿದ ಮೇಲೆ ತನ್ನ ಹೆಂಡತಿಗೂ ಹಾಗೆಯೇ ಓದಿಸಬೇಕೆಂಬ ಸಂಕಲ್ಪವು ಅವರಲ್ಲಿ ಹುಟ್ಟಿದ್ದು ಆ ಕ್ಷಣದಲ್ಲಿ.

ಮೊದಲ ಪತ್ನಿಯ ವಿಷಯದಲ್ಲಿ ಆ ಸಂಕಲ್ಪವು ಫಲಿಸಲಿಲ್ಲ. ಮನೆಯ ಹಿರಿಯರು ಒಪ್ಪಲಿಲ್ಲ. ಆಕೆಯು ತೀರಿಕೊಂಡ ಬಳಿಕ, ಯಾತ್ರೆಯಲ್ಲಿದ್ದಾಗ, ಗೋದಾವರಿಯ ತೀರದಲ್ಲಿ ಯಾತ್ರಿಕ ಬ್ರಾಹ್ಮಣನೊಬ್ಬನು ತನ್ನ ಒಂಬತ್ತು ವರ್ಷದ ಮಗಳು ಲಕ್ಷ್ಮೀಬಾಯಿಯನ್ನು ಅವರಿಗೆ ಧಾರೆಯೆರೆದು ಕೊಟ್ಟನು. ಆಗ ಶಾಸ್ತ್ರಿಗಳಿಗೆ ನಲವತ್ತು ಮೀರಿದ ವಯಸ್ಸು. ಮುಂದೆ ಬಾಲ್ಯವಿವಾಹವನ್ನು ಖಂಡಿಸಿ ಗ್ರಂಥ ಬರೆದ ಮಗಳಿಗೆ ತನ್ನ ತಾಯಿಯ ಮದುವೆಯೇ ಆ ಪದ್ಧತಿಯ ಒಂದು ನಿದರ್ಶನವಾಗಿದ್ದಿತು. ಆದರೆ ಈ ಮದುವೆಯಲ್ಲಿ ಒಂದು ವಿಶೇಷವಿದ್ದಿತು. ಶಾಸ್ತ್ರಿಗಳು ಆ ಬಾಲಿಕೆಯನ್ನು ಮನೆಗೆ ತಂದ ಕೂಡಲೇ ಅವಳಿಗೆ ಸಂಸ್ಕೃತದ ಪಾಠವನ್ನು ಆರಂಭಿಸಿದರು.

ಊರಿನಲ್ಲಿ ಗದ್ದಲವೆದ್ದಿತು. ಹೆಂಗಸಿಗೆ ದೇವಭಾಷೆಯನ್ನು ಕಲಿಸಿದ ಅಪರಾಧಕ್ಕಾಗಿ ಶಾಸ್ತ್ರಿಗಳು ಉಡುಪಿಯಲ್ಲಿ ಧರ್ಮಗುರುಗಳ ಮತ್ತು ವಿದ್ವಾಂಸರ ಸಭೆಯ ಮುಂದೆ ಉತ್ತರ ಹೇಳಬೇಕಾಯಿತು. ಅವರು ಕೋಪಿಸಿಕೊಳ್ಳಲಿಲ್ಲ, ಶಾಸ್ತ್ರವನ್ನು ಧಿಕ್ಕರಿಸಲೂ ಇಲ್ಲ. ಶಾಸ್ತ್ರದಿಂದಲೇ ಪ್ರಮಾಣಗಳನ್ನು ಕಲೆಹಾಕಿ, ವೇದವನ್ನು ಬಿಟ್ಟು ಉಳಿದ ಪುರಾಣೇತಿಹಾಸ ಕಾವ್ಯಗಳನ್ನು ಸ್ತ್ರೀಯರು ಓದುವುದಕ್ಕೆ ಬಾಧಕವಿಲ್ಲವೆಂದು ಸಾಧಿಸಿದರು. ಸಭೆಯು ಅವರನ್ನು ಬಹಿಷ್ಕರಿಸಲಿಲ್ಲ. ಆದರೆ ಸಭೆಯ ಸಮ್ಮತಿಯೇ ಬೇರೆ, ನೆರೆಹೊರೆಯ ಸಮ್ಮತಿಯೇ ಬೇರೆ. ಕಡೆಗೆ ಅವರು ಊರನ್ನು ಬಿಟ್ಟು ಪಶ್ಚಿಮ ಘಟ್ಟದ ಗಂಗಾಮೂಲವನ್ನು ಸೇರಿದರು. ಇಂದಿನ ಚಿಕ್ಕಮಗಳೂರು ಜಿಲ್ಲೆಯಲ್ಲಿರುವ ಆ ಸ್ಥಳವು ತುಂಗಾ, ಭದ್ರಾ, ನೇತ್ರಾವತೀ ನದಿಗಳ ಉಗಮಸ್ಥಾನ. ದಟ್ಟವಾದ ಕಾಡಿನ ನಡುವೆ ಮನೆ ಕಟ್ಟಿ, ದೂರದಿಂದ ಬಂದ ಶಿಷ್ಯರಿಗೆ ಅನ್ನವಿಕ್ಕಿ ಪಾಠ ಹೇಳುತ್ತ, ಹೆಂಡತಿಯ ವಿದ್ಯಾಭ್ಯಾಸವನ್ನೂ ಅವರು ಪೂರ್ಣಗೊಳಿಸಿದರು. ಅಲ್ಲಿಯೇ ೧೮೫೮ನೆಯ ಇಸವಿ ಏಪ್ರಿಲ್ ೨೩ರಂದು ರಮಾಬಾಯಿಯವರ ಜನನವಾಯಿತು.

೩

ಅತಿಥಿಸತ್ಕಾರದಲ್ಲಿಯೂ ಶಿಷ್ಯಪೋಷಣೆಯಲ್ಲಿಯೂ ಆಸ್ತಿಯು ಕರಗಿತು, ಸಾಲವು ಬೆಳೆಯಿತು. ಮಗುವಿಗೆ ಆರು ತಿಂಗಳಾಗಿದ್ದಾಗ ಆ ಕುಟುಂಬವು ಮನೆಯನ್ನು ತೊರೆದು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿ, ಮಗುವನ್ನು ಘಟ್ಟದಿಂದ ಇಳಿಸಿದರಂತೆ. ಆ ಬಳಿಕ ಆ ಸಂಸಾರಕ್ಕೆ ನೆಲೆಯೆಂಬುದಿರಲಿಲ್ಲ. ದೇವಾಲಯದ ಜಗಲಿಯೇ ಮನೆ, ನದಿಯ ಘಟ್ಟವೇ ಅಂಗಳ. ಪುರಾಣಪ್ರವಚನವನ್ನು ಕೇಳಿದವರು ಕೊಟ್ಟ ದಕ್ಷಿಣೆಯೇ ಜೀವನ.

ತಂದೆಗೆ ವಾರ್ಧಕ್ಯ ಬಂದುದರಿಂದ ಮಗಳಿಗೆ ಪಾಠ ಹೇಳುವ ಹೊಣೆಯು ತಾಯಿಯ ಮೇಲೆ ಬಿದ್ದಿತು. ಹಗಲೆಲ್ಲ ಅಡಿಗೆ, ನೀರು, ಪೂಜೆಯ ಸಿದ್ಧತೆ; ಆಕೆಗೆ ಬಿಡುವೆಲ್ಲಿಯದು? ಲಕ್ಷ್ಮೀಬಾಯಿಯವರು ಬೆಳಗಿನ ಜಾವದಲ್ಲಿ ಹಕ್ಕಿಗಳು ಕೂಗುವ ಮುನ್ನ ಮಗಳನ್ನು ಎಬ್ಬಿಸಿ, ನಿದ್ದೆಗಣ್ಣಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಮುದ್ದಿನ ಮಾತುಗಳಿಂದ ಅದರ ನಿದ್ದೆಯನ್ನು ತಿಳಿಯಾಗಿಸಿ ಪಾಠವನ್ನು ಹೇಳಿಕೊಡುತ್ತಿದ್ದರು. ಹನ್ನೆರಡು ವರ್ಷ ತುಂಬುವಷ್ಟರಲ್ಲಿ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಆ ಹುಡುಗಿಗೆ ಕಂಠಸ್ಥವಾಗಿದ್ದುವೆಂದು ಆಕೆಯ ಚರಿತ್ರಕಾರರು ಬರೆದಿದ್ದಾರೆ. ದೇಶಸಂಚಾರದಿಂದ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ಥಾನಿ, ಬಂಗಾಳಿಗಳೂ ಪರಿಚಿತವಾದುವು. ತಂದೆಯು ಈ ಮಗಳಿಗೆ ಚಿಕ್ಕಂದಿನಲ್ಲಿ ಮದುವೆ ಮಾಡಲಿಲ್ಲ. ಹಿರಿಯ ಮಗಳ ಬಾಲ್ಯವಿವಾಹವು ದುಃಖದಲ್ಲಿ ಕೊನೆಗೊಂಡುದನ್ನು ಅವರು ಕಂಡಿದ್ದರು.

೧೮೭೪ರಿಂದ ದಕ್ಷಿಣದೇಶವನ್ನು ಕಾಡಿದ ಕ್ಷಾಮವು ಈ ಕುಟುಂಬವನ್ನು ಬೇರುಸಹಿತ ಕಿತ್ತಿತು. ತಂದೆ, ತಾಯಿ, ಅಕ್ಕ ಹೀಗೆ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದವರು ರಮಾಬಾಯಿಯವರೂ ಅಣ್ಣ ಶ್ರೀನಿವಾಸರೂ ಇಬ್ಬರೇ. ಅಣ್ಣತಂಗಿಯರು ಹಸಿವೆ ಚಳಿಗಳನ್ನು ಸಹಿಸುತ್ತ, ಕಾಲ್ನಡಿಗೆಯಲ್ಲಿ ಉತ್ತರದೇಶವನ್ನೆಲ್ಲ ಸುತ್ತಿ, ೧೮೭೮ರಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವತ್ಸಭೆಯು ಇಪ್ಪತ್ತು ವರ್ಷದ ಈ ತರುಣಿಯನ್ನು ಪರೀಕ್ಷಿಸಿ ಬೆರಗಾಯಿತು. ‘ಪಂಡಿತಾ’ ಎಂದೂ ‘ಸರಸ್ವತೀ’ ಎಂದೂ ಬಿರುದಿತ್ತು ಗೌರವಿಸಿತು. ಬ್ರಾಹ್ಮಸಮಾಜದ ಕೇಶವಚಂದ್ರ ಸೇನರು ಆಕೆಗೆ ವೇದದ ಒಂದು ಪ್ರತಿಯನ್ನು ಕೊಟ್ಟು ಓದೆಂದು ಹೇಳಿದರು. ವೇದವು ಸ್ತ್ರೀಯರಿಗೆ ನಿಷಿದ್ಧವೆಂದು ನಂಬಿ ಬೆಳೆದಿದ್ದ ರಮಾಬಾಯಿಯವರು ಮೊದಲು ಹಿಂಜರಿದರು. ತಂದೆಯು ಉಡುಪಿಯ ಸಭೆಯಲ್ಲಿ ಎಳೆದಿದ್ದ ಗೆರೆಯನ್ನು ಮಗಳು ದಾಟಿದುದು ಇಲ್ಲಿ.

ಧರ್ಮಶಾಸ್ತ್ರಗಳನ್ನು ಸ್ವತಃ ಓದಿದಂತೆ ಅವರ ಮನಸ್ಸಿನಲ್ಲಿ ಸಂಶಯಗಳು ಬಲಿತುವು. ಗ್ರಂಥಗಳು ಬೇರೆ ಬೇರೆ ವಿಷಯಗಳಲ್ಲಿ ಎಷ್ಟೇ ಭಿನ್ನಾಭಿಪ್ರಾಯವನ್ನು ಹೇಳಿದರೂ, ಹೆಂಗಸಿನ ಹೀನಸ್ಥಿತಿಯ ವಿಷಯದಲ್ಲಿ ಮಾತ್ರ ಒಂದೇ ದನಿಯಲ್ಲಿ ಮಾತಾಡುತ್ತವೆಂದು ಅವರಿಗೆ ತೋರಿತು. ಈ ತೀರ್ಮಾನವನ್ನು ಪಂಡಿತರಲ್ಲಿ ಹಲವರು ಒಪ್ಪಲಾರರು. ಋಷಿಕೆಯರಾದ ಘೋಷೆ, ಲೋಪಾಮುದ್ರೆ, ಅಪಾಲೆಯರನ್ನು ಅವರು ಮುಂದಿಡುವರು. ಆದರೆ ರಮಾಬಾಯಿಯವರ ಪ್ರಶ್ನೆಯು ಪುರಾತನ ಸೂಕ್ತಗಳನ್ನು ಕುರಿತದ್ದಲ್ಲ. ಮನೆಗಳಲ್ಲಿ ನಡೆಯುತ್ತಿದ್ದ ಆಚಾರವನ್ನು ಕುರಿತದ್ದು. ಆ ಪ್ರಶ್ನೆಗೆ ಸೂಕ್ತವನ್ನು ಹೇಳಿದರೆ ಉತ್ತರವಾಗುವುದಿಲ್ಲ.

೪

೧೮೮೦ರಲ್ಲಿ ಅಣ್ಣನೂ ಢಾಕಾ ನಗರದಲ್ಲಿ ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿಯೆಂಬ ಬಂಗಾಳಿ ವಕೀಲರನ್ನು ಸರಕಾರಿ ಕಾಯಿದೆಯ ಪ್ರಕಾರ ವಿವಾಹವಾದರು. ವರನು ಬೇರೆ ಪ್ರಾಂತದವನು, ಬೇರೆ ಜಾತಿಯವನು. ಸಂಸಾರಸುಖವು ಎರಡು ವರ್ಷವೂ ತುಂಬಲಿಲ್ಲ. ೧೮೮೨ರ ಫೆಬ್ರುವರಿಯಲ್ಲಿ ಮೇಧಾವಿಯವರು ವಾಂತಿಭೇದಿಯಿಂದ ಮೃತರಾದರು. ಕೈಯಲ್ಲಿ ವರ್ಷ ತುಂಬದ ಮಗಳು ಮನೋರಮೆ, ಹಣೆಯಲ್ಲಿ ವೈಧವ್ಯ. ಇಷ್ಟು ದಿನ ಶಾಸ್ತ್ರಗಳಲ್ಲಿ ಓದಿದ್ದುದು ಈಗ ಸ್ವಂತ ಅನುಭವವಾಯಿತು.

ಅದೇ ವರ್ಷ ಅವರು ಪುಣೆಗೆ ಬಂದರು. ಮಹಾದೇವ ಗೋವಿಂದ ರಾನಡೆಯವರೂ ರಾಮಕೃಷ್ಣ ಗೋಪಾಲ ಭಂಡಾರಕರರೂ ಆದರದಿಂದ ಬರಮಾಡಿಕೊಂಡರು. ಅಲ್ಲಿ ರಮಾಬಾಯಿಯವರು ‘ಆರ್ಯ ಮಹಿಳಾ ಸಮಾಜ’ವನ್ನು ಸ್ಥಾಪಿಸಿದರು. ಬಾಲ್ಯವಿವಾಹವನ್ನು ತಡೆಯುವುದು, ಸ್ತ್ರೀವಿದ್ಯೆಯನ್ನು ಹರಡುವುದು ಅದರ ಮುಖ್ಯೋದ್ದೇಶ. ಹೆಂಗಸರ ಉದ್ಧಾರಕ್ಕಾಗಿ ಗಂಡಸರು ಕಟ್ಟಿದ ಸಂಘಗಳು ಮೊದಲೇ ಇದ್ದುವು; ಹೆಂಗಸೊಬ್ಬರು ಮುಂದಾಳಾಗಿ ಹೆಂಗಸರನ್ನೇ ಸದಸ್ಯೆಯರನ್ನಾಗಿ ಮಾಡಿಕೊಂಡು ಕಟ್ಟಿದ ಸಂಘವು ಆ ಪ್ರಾಂತಕ್ಕೆ ಹೊಸದು. ರಾನಡೆಯವರ ಪತ್ನಿ, ಇನ್ನೊಬ್ಬ ರಮಾಬಾಯಿಯವರು, ಮನೆಯ ಹಿರಿಯ ಹೆಂಗಸರ ಮೂದಲೆಯನ್ನು ಸಹಿಸಿಕೊಂಡು ಅದರ ಸಭೆಗಳಿಗೆ ಹೋಗುತ್ತಿದ್ದರು. ಮುಂದೆ ೧೯೦೯ರಲ್ಲಿ ಪುಣೆಯ ಸೇವಾಸದನವನ್ನು ನಡೆಸತೊಡಗಿದವರು ಇವರೇ.

ಆ ವರ್ಷವೇ ಹಂಟರ್ ಶಿಕ್ಷಣ ಆಯೋಗವು ಪುಣೆಗೆ ಬಂದಿತು. ಅದರ ಮುಂದೆ ಸಾಕ್ಷ್ಯವಿತ್ತ ರಮಾಬಾಯಿಯವರು ಮೂರು ಬೇಡಿಕೆಗಳನ್ನು ಮುಂದಿಟ್ಟರು. ಹುಡುಗಿಯರ ಶಾಲೆಗಳಿಗೆ ಉಪಾಧ್ಯಾಯಿನಿಯರು ಬೇಕು, ಅವರಿಗೆ ಸರಿಯಾದ ತರಬೇತಿ ಬೇಕು. ಶಾಲೆಗಳನ್ನು ನೋಡಿಕೊಳ್ಳಲು ಸ್ತ್ರೀಯರೇ ತನಿಖಾಧಿಕಾರಿಗಳಾಗಬೇಕು. ಸ್ತ್ರೀಯರಿಗೆ ಸ್ತ್ರೀವೈದ್ಯರು ಬೇಕು, ಆ ವಿದ್ಯೆಯನ್ನು ಕಲಿಯಲು ಅವಕಾಶ ಬೇಕು. ಈ ದೇಶದ ವಿದ್ಯಾವಂತ ಪುರುಷರಲ್ಲಿ ಬಹುಪಾಲಿನವರು ಸ್ತ್ರೀವಿದ್ಯೆಗೆ ವಿರೋಧಿಗಳೆಂದೂ, ಹೆಂಗಸಿನ ಅಣುವಿನಷ್ಟು ತಪ್ಪನ್ನು ಪರ್ವತವಾಗಿ ಮಾಡುವರೆಂದೂ ಅವರು ನಿರ್ಭಯವಾಗಿ ನುಡಿದರು. ಮಾತು ಕಟುವಾಗಿದ್ದಿತು. ಆದರೆ ಬೇಡಿಕೆಗಳು ಮಿತವಾಗಿದ್ದುವು. ಇಂದು ಅವುಗಳಲ್ಲಿ ಒಂದನ್ನಾದರೂ ವಿಪರೀತವೆನ್ನುವವರು ಯಾರಿದ್ದಾರೆ?

ವೈದ್ಯವಿದ್ಯೆಯನ್ನು ತಾವೇ ಕಲಿಯಬೇಕೆಂಬ ಹಂಬಲದಿಂದ ಅವರು ೧೮೮೩ರಲ್ಲಿ ಮಗುವಿನೊಡನೆ ಇಂಗ್ಲೆಂಡಿಗೆ ಹಡಗು ಹತ್ತಿದರು. ‘ಸ್ತ್ರೀಧರ್ಮನೀತಿ’ಯೆಂಬ ತಮ್ಮ ಮರಾಠಿ ಪುಸ್ತಕದ ಮಾರಾಟದಿಂದ ಬಂದ ಹಣವು ಪ್ರಯಾಣದ ವೆಚ್ಚಕ್ಕೆ ಒದಗಿತು. ಕಿವಿಯ ಮಂದತೆಯು ವೈದ್ಯವ್ಯಾಸಂಗಕ್ಕೆ ಅಡ್ಡಿಯಾಯಿತು. ವಾಂಟೇಜ್ ಎಂಬಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಆಶ್ರಯದಲ್ಲಿದ್ದಾಗ, ಸೆಪ್ಟೆಂಬರ್ ೨೯ರಂದು ಅವರು ಕ್ರೈಸ್ತದೀಕ್ಷೆಯನ್ನು ಸ್ವೀಕರಿಸಿದರು. ಈ ಸುದ್ದಿಯು ಪುಣೆಯನ್ನು ಮುಟ್ಟಿದಾಗ ಹರ್ಷಿಸಿದವರಿಗಿಂತ ಮರುಗಿದವರು ಹೆಚ್ಚು. ಸರಸ್ವತಿಯೆಂದು ಕೊಂಡಾಡಿದ್ದವರಿಗೆ ಅದು ಮನೆಯ ದೀಪವು ನೆರೆಮನೆಗೆ ಹೋದಂತಾಯಿತು.

ಆದರೆ ನೆರೆಮನೆಯಲ್ಲಿಯೂ ಆ ದೀಪವು ಹೇಳಿದಂತೆ ಉರಿಯಲಿಲ್ಲ. ಚೆಲ್ಟನ್‌ಹ್ಯಾಂ ಮಹಿಳಾ ಕಾಲೇಜಿನಲ್ಲಿ ರಮಾಬಾಯಿಯವರು ತಾವು ಕಲಿಯುತ್ತ ಸಂಸ್ಕೃತವನ್ನೂ ಕಲಿಸುತ್ತಿದ್ದರು. ಅವರು ಗಂಡುವಿದ್ಯಾರ್ಥಿಗಳಿಗೂ ಭಾರತೀಯ ಭಾಷೆಗಳ ಪಾಠ ಹೇಳುವ ಮಾತು ಬಂದಾಗ ಚರ್ಚಿನ ಬಿಷಪ್ಪರು ಆಕ್ಷೇಪಿಸಿದರು; ಹೆಂಗಸು ಗಂಡಸರಿಗೆ ಬೋಧಿಸಿದರೆ ಭಾರತದಲ್ಲಿ ಆಕೆಯ ಗೌರವಕ್ಕೆ ಕುಂದೆಂಬುದು ಅವರ ವಾದ. ಭಾರತದಲ್ಲಿ ಪಂಡಿತರ ಸಭೆಗಳಲ್ಲಿ ಪುರುಷರ ಮುಂದೆ ಪ್ರವಚನ ಮಾಡಿ ಬಂದಿದ್ದವರಿಗೆ ಈ ವಾದವು ವಿಚಿತ್ರವಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ. ತಮ್ಮ ಮನಸ್ಸಾಕ್ಷಿಯನ್ನು ಯಾರ ಕೈಗೂ ಒಪ್ಪಿಸಲಾರೆವೆಂದು ಅವರು ಬರೆದು ತಿಳಿಸಿದರು. ಉಡುಪಿಯಲ್ಲಿ ತಂದೆಗೆ ಎದುರಾದ ಪ್ರಶ್ನೆಯು ಇಂಗ್ಲೆಂಡಿನಲ್ಲಿ ಮಗಳಿಗೂ ಎದುರಾಯಿತು. ಕೇಳಿದವರ ಮತವು ಮಾತ್ರ ಬೇರೆಯಾಗಿದ್ದಿತು.

೫

೧೮೮೬ರಲ್ಲಿ ಅವರು ಅಮೆರಿಕೆಗೆ ಹೋದರು. ಅಲ್ಲಿಯ ಪೆನ್ಸಿಲ್ವೇನಿಯಾದ ಸ್ತ್ರೀವೈದ್ಯ ಕಾಲೇಜಿನಿಂದ ಆನಂದೀಬಾಯಿ ಜೋಶಿಯವರು ಪದವಿ ಪಡೆಯುವ ಸಮಾರಂಭವನ್ನು ನೋಡುವುದು ನೆಪ. ಉಳಿದುದು ಎರಡೂವರೆ ವರ್ಷಕ್ಕೂ ಮಿಗಿಲು. ಮಕ್ಕಳಿಗೆ ಆಟದ ಮೂಲಕ ಪಾಠ ಹೇಳುವ ಫ್ರೋಬೆಲನ ಶಿಶುವಿಹಾರ ಪದ್ಧತಿಯನ್ನು ಅವರು ಅಲ್ಲಿ ಅಭ್ಯಸಿಸಿದರು. ೧೮೮೭ರಲ್ಲಿ ಉಚ್ಚಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು ಫಿಲಡೆಲ್ಫಿಯಾದಲ್ಲಿ ಪ್ರಕಟವಾಗಿ ವಿಶೇಷವಾಗಿ ಮಾರಾಟವಾಯಿತು. ೧೮೮೧ರ ಜನಗಣತಿಯಂತೆ ಈ ದೇಶದಲ್ಲಿ ವಿಧವೆಯರ ಸಂಖ್ಯೆಯು ಎರಡು ಕೋಟಿಗೂ ಮೀರಿದ್ದಿತು. ಅವರಲ್ಲಿ ಲಕ್ಷಾಂತರ ಮಂದಿ ಇಪ್ಪತ್ತು ತುಂಬದವರು. ೧೮೫೬ರ ಕಾಯಿದೆಯು ಮರುಮದುವೆಗೆ ಅನುಮತಿ ಕೊಟ್ಟಿದ್ದರೂ ಕಾಯಿದೆಯ ಅನುಮತಿಯು ಅಡಿಗೆಮನೆಯವರೆಗೆ ಬಂದಿರಲಿಲ್ಲ. ಆ ೧೮೮೭ರಲ್ಲಿಯೇ ಮುಂಬಯಿಯಲ್ಲಿ ರಖ್ಮಾಬಾಯಿಯೆಂಬ ವಿದ್ಯಾವಂತ ತರುಣಿಯು ಬಾಲ್ಯದಲ್ಲಿ ತನಗೆ ಕಟ್ಟಿದ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಸೆರೆಮನೆಗೆ ಹೋಗಬೇಕೆಂದು ಹೈಕೋರ್ಟು ವಿಧಿಸಿದ್ದಿತು.

ಮರುಮದುವೆಯೊಂದೇ ಈ ದುಃಖಕ್ಕೆ ಮದ್ದೆಂದು ರಮಾಬಾಯಿಯವರು ಭಾವಿಸಲಿಲ್ಲ. ಇಲ್ಲಿ ಅವರ ವಿಚಾರವು ಆ ಕಾಲದ ಸುಧಾರಕರ ವಿಚಾರಕ್ಕಿಂತ ಒಂದು ಹೆಜ್ಜೆ ಮುಂದಿದ್ದಿತು. ಒಬ್ಬ ಗಂಡನನ್ನು ಕಳೆದುಕೊಂಡವಳಿಗೆ ಇನ್ನೊಬ್ಬನನ್ನು ಹುಡುಕಿಕೊಟ್ಟರೆ ಪರಾಶ್ರಯವು ತಪ್ಪುವುದಿಲ್ಲ. ಆಶ್ರಯದಾತನು ಮಾತ್ರ ಬದಲಾಗುವನು. ಸ್ವಾವಲಂಬನ, ವಿದ್ಯೆ, ಕಲಿಸಬಲ್ಲ ಉಪಾಧ್ಯಾಯಿನಿಯರು ಎಂಬ ಮೂರನ್ನು ಅವರು ತಮ್ಮ ಗ್ರಂಥದ ಕೊನೆಯಲ್ಲಿ ಹಿಂದೂ ಸ್ತ್ರೀಯರಿಗೆ ಮುಖ್ಯವಾಗಿ ಬೇಕಾದುವೆಂದು ಹೇಳಿದರು. ತನ್ನ ಅನ್ನವನ್ನು ತಾನು ಗಳಿಸಬಲ್ಲವಳಿಗೆ ಮದುವೆಯು ಒಂದು ಆಯ್ಕೆಯಾಗುತ್ತದೆ, ಅಗತ್ಯವಾಗಿ ಉಳಿಯುವುದಿಲ್ಲ. ಸಮಾನತೆಯೆಂಬ ಮಾತಿಗೆ ಅವರು ಕೊಟ್ಟ ಅರ್ಥವು ಇದು.

ಈ ಗ್ರಂಥವೂ ಊರೂರಿನ ಉಪನ್ಯಾಸಗಳೂ ಫಲಿಸಿ, ೧೮೮೭ರ ಡಿಸೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಸಂಘವು ಸ್ಥಾಪಿತವಾಯಿತು. ಹತ್ತು ವರ್ಷಗಳ ಪರ್ಯಂತ ಭಾರತದಲ್ಲಿ ವಿಧವೆಯರ ವಿದ್ಯಾಲಯವೊಂದನ್ನು ನಡೆಸಲು ಬೇಕಾದ ದ್ರವ್ಯವನ್ನು ಕೊಡುವುದಾಗಿ ಆ ಸಂಘವು ಒಪ್ಪಿಕೊಂಡಿತು. ಬೇರೆ ಬೇರೆ ಪಂಥಗಳ ಜನರು ಅದರಲ್ಲಿದ್ದರು. ಊರೂರಿನಲ್ಲಿ ಸಣ್ಣ ಸಣ್ಣ ಮಂಡಲಿಗಳಾಗಿ ಕೂಡಿ ವರ್ಷವರ್ಷವೂ ಹಣ ಕಳುಹಿಸಿದರು. ಒಂದು ನಿಬಂಧನೆಯು ಮಾತ್ರ ಸ್ಪಷ್ಟವಾಗಿದ್ದಿತು. ವಿದ್ಯಾಲಯದಲ್ಲಿ ಮತಬೋಧನೆಯು ನಡೆಯಕೂಡದು.

೧೮೮೯ರ ಮಾರ್ಚಿ ೧೧ರಂದು ಮುಂಬಯಿಯ ಚೌಪಾಟಿಯ ಬಳಿ ಶಾರದಾ ಸದನವು ಇಬ್ಬರು ವಿದ್ಯಾರ್ಥಿನಿಯರೊಡನೆ ಆರಂಭವಾಯಿತು. ಅವರಲ್ಲೊಬ್ಬರು ಗೋದೂಬಾಯಿ ಎಂಬ ತರುಣ ವಿಧವೆ. ಕ್ರೈಸ್ತರಾಗಿದ್ದವರು ತಮ್ಮ ಮನೆಗೆ ವಿದ್ಯಾದೇವತೆಯ ಹೆಸರನ್ನು ಇಟ್ಟುದು ಗಮನಿಸತಕ್ಕ ವಿಷಯ. ಬ್ರಾಹ್ಮಣ ಬಾಲಿಕೆಯರ ಊಟದ ಮಡಿಗೆ ಅಲ್ಲಿ ಭಂಗವಿರಲಿಲ್ಲ. ತಮ್ಮ ತಮ್ಮ ಪೂಜೆಯನ್ನು ಅವರು ತಮ್ಮಿಷ್ಟದಂತೆ ನಡೆಸಬಹುದಾಗಿದ್ದಿತು. ರಮಾಬಾಯಿಯವರು ಸ್ವತಃ ಕೊನೆಯವರೆಗೂ ಶಾಕಾಹಾರಿಯಾಗಿಯೇ ಇದ್ದರು. ರಾನಡೆ, ಭಂಡಾರಕರ್ ಮೊದಲಾದ ಹಿಂದೂ ಮಹನೀಯರು ಸಲಹಾಮಂಡಲಿಯಲ್ಲಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕೂಡಿದ ಸಾಮಾಜಿಕ ಪರಿಷತ್ತಿನಲ್ಲಿ ವಿಧವೆಯರ ಕೇಶವಪನವನ್ನು ಖಂಡಿಸುವ ನಿರ್ಣಯದ ಪರವಾಗಿ ರಮಾಬಾಯಿಯವರು ಮಾತಾಡಿದರು. ಮುಂದಿನ ವರ್ಷ ಸದನವು ಪುಣೆಗೆ ವರ್ಗವಾಯಿತು.

ಸದನದ ಒಳಗಿನ ಜೀವನವು ಹೊರಗಿನ ಚರ್ಚೆಗಳಿಗಿಂತ ಸರಳವಾಗಿದ್ದಿತು. ಮನೆಯಲ್ಲಿ ಅಪಶಕುನವೆಂದು ಮೂಲೆಯಲ್ಲಿ ಕೂರಿಸಲ್ಪಟ್ಟಿದ್ದ ಹುಡುಗಿಯು ಇಲ್ಲಿ ಹೂಗಿಡಕ್ಕೆ ನೀರೆರೆಯಬಹುದು, ನಗಬಹುದು, ಪಾಟಿಯ ಮೇಲೆ ತನ್ನ ಹೆಸರನ್ನು ಬರೆಯಬಹುದು. ಓದುಬರೆಹ, ಗಣಿತ, ಇಂಗ್ಲಿಷ್, ಹೊಲಿಗೆ, ಶಿಶುವಿಹಾರದ ಕ್ರಮ ಇವುಗಳನ್ನು ಕಲಿಸುತ್ತಿದ್ದರು. ಕಲಿತವರು ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಹೊರಬಂದರು.

೬

ಈ ಮನೆಗೆ ಒಡಕು ಬಂದುದು ಮತದ ವಿಷಯದಲ್ಲಿ. ರಮಾಬಾಯಿಯವರು ಸದನದಲ್ಲಿ ಮತವನ್ನು ಬೋಧಿಸುತ್ತಿರಲಿಲ್ಲ. ಆದರೆ ಬೆಳಿಗ್ಗೆ ಮಗಳೊಡನೆ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಅವರನ್ನು ತಾಯಿಯಂತೆ ಕಂಡ ಕೆಲವು ಹುಡುಗಿಯರು ಒಳಗೆ ಬಂದು ಕುಳಿತುಕೊಳ್ಳತೊಡಗಿದರು. ಸುದ್ದಿಯು ಹಬ್ಬಿತು. ತಿಲಕರ ‘ಕೇಸರಿ’ಯು ಸದನವನ್ನು ತೀವ್ರವಾಗಿ ಟೀಕಿಸಿತು. ೧೮೯೩ರ ಆಗಸ್ಟಿನಲ್ಲಿ ರಾನಡೆ ಭಂಡಾರಕರರೂ ಸಲಹಾಮಂಡಲಿಯನ್ನು ಬಿಟ್ಟು, ಸದನವು ಮತಪ್ರಚಾರದ ಸಂಸ್ಥೆಯಂತೆ ನಡೆಯುತ್ತಿದೆಯೆಂದು ಬಹಿರಂಗವಾಗಿ ತಿಳಿಸಿದರು. ಇಪ್ಪತ್ತಕ್ಕೂ ಮಿಕ್ಕಿ ಬಾಲಿಕೆಯರನ್ನು ಪೋಷಕರು ಕರೆದುಕೊಂಡು ಹೋದರು.

ಈ ವಿವಾದದಲ್ಲಿ ಒಂದೇ ಪಕ್ಷವನ್ನು ದೂಷಿಸುವುದು ಸುಲಭ, ನ್ಯಾಯವಲ್ಲ. ರಾನಡೆ ಭಂಡಾರಕರರು ಸುಧಾರಣೆಯ ಶತ್ರುಗಳಲ್ಲ. ಅವರ ಮಾತನ್ನು ನಂಬಿ ಪೋಷಕರು ಹುಡುಗಿಯರನ್ನು ಸದನಕ್ಕೆ ಕಳುಹಿಸಿದ್ದರು. ಆ ನಂಬಿಕೆಗೆ ಅವರು ಹೊಣೆಯಾಗಿದ್ದರು. ಅನ್ನವಸ್ತ್ರವಿದ್ಯೆಗಳನ್ನಿತ್ತು ಪ್ರೀತಿಯಿಂದ ಸಾಕುವವರ ನಡತೆಯೇ, ಬಾಯಿಬಿಟ್ಟು ಹೇಳದಿದ್ದರೂ, ಅನಾಥಬಾಲಿಕೆಗೆ ಉಪದೇಶವಾಗುತ್ತದೆ. ಬೋಧಿಸುವುದಿಲ್ಲವೆಂಬ ನಿಬಂಧನೆಯನ್ನು ಕಾಗದದ ಮೇಲೆ ಪಾಲಿಸಬಹುದು. ಮನೆಯೊಳಗೆ ಅದರ ಎಲ್ಲೆಯನ್ನು ಗುರುತಿಸುವುದು ಕಷ್ಟ. ೧೮೯೫ರಲ್ಲಿ ಕೆಲವು ವಿದ್ಯಾರ್ಥಿನಿಯರು ಕ್ರೈಸ್ತದೀಕ್ಷೆಯನ್ನು ಪಡೆದಾಗ ಪುಣೆಯ ಶಂಕೆಯು ನಿರಾಧಾರವಾಗಿರಲಿಲ್ಲವೆಂದು ತೋರಿತು.

ರಮಾಬಾಯಿಯವರ ಪಕ್ಷಕ್ಕೂ ಅಷ್ಟೇ ಬಲವುಂಟು. ಯಾರ ಪೂಜೆಗೂ ಅಡ್ಡಿ ಮಾಡದವರು ತಮ್ಮ ಪ್ರಾರ್ಥನೆಗೆ ಮಾತ್ರ ಬಾಗಿಲು ಹಾಕಿಕೊಳ್ಳಬೇಕೇಕೆಂದು ಅವರು ಕೇಳಿದರು. ಬಾಸ್ಟನ್ನಿನ ಸಂಘವು ವಿಚಾರಿಸಿ ಅವರ ಮೇಲಿನ ವಿಶ್ವಾಸವನ್ನು ಹಿಂತೆಗೆಯಲಿಲ್ಲ. ಇನ್ನೂ ಒಂದು ಮಾತುಂಟು. ಪತ್ರಿಕೆಗಳಲ್ಲಿ ಕಾದಾಡಿದವರು ಸಂಪಾದಕರು, ಸಲಹೆಗಾರರು, ಪೋಷಕರು. ಹುಡುಗಿಯರು ಯಾರ ವಶದಲ್ಲಿರಬೇಕೆಂಬುದೇ ಅವರೆಲ್ಲರ ವಾದ. ಸದನದಿಂದ ಹೊರಟ ಬಾಲಿಕೆಯು ಹಿಂದಿರುಗಿದುದು ತಾನು ಬಿಟ್ಟುಬಂದಿದ್ದ ಅದೇ ಕತ್ತಲ ಮೂಲೆಗೆ. ಅವಳ ಮತವನ್ನು ಉಳಿಸಲು ಅವಸರಪಟ್ಟ ಸಮಾಜವು ಅವಳ ಪುಸ್ತಕವನ್ನು ಉಳಿಸಲು ಅದೇ ಅವಸರವನ್ನು ತೋರಲಿಲ್ಲ.

ಆದರೆ ಉತ್ತರವು ಬಾರದೆ ಹೋಗಲಿಲ್ಲ. ಅದು ಸದನದ ಒಡಲಿನಿಂದಲೇ ಬಂದಿತು. ಮೊದಲ ವಿದ್ಯಾರ್ಥಿನಿ ಗೋದೂಬಾಯಿಯವರನ್ನು ೧೮೯೩ರ ಮಾರ್ಚಿ ೧೧ರಂದು, ಸದನದ ವಾರ್ಷಿಕೋತ್ಸವದ ದಿನವೇ, ಫರ್ಗ್ಯುಸನ್ ಕಾಲೇಜಿನ ಗಣಿತಾಧ್ಯಾಪಕ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು. ಹುಟ್ಟೂರಿನ ಬಹಿಷ್ಕಾರವನ್ನು ಆ ದಂಪತಿಗಳು ತಾಳ್ಮೆಯಿಂದ ಸಹಿಸಿದರು. ೧೮೯೬ರಲ್ಲಿ ಕರ್ವೆಯವರು ಹಿಂದೂ ವಿಧವೆಯರಿಗಾಗಿ ಹಿಂದೂ ಸಂಪ್ರದಾಯದ ಆವರಣದಲ್ಲಿಯೇ ಒಂದು ಆಶ್ರಮವನ್ನು ಸ್ಥಾಪಿಸಿದರು. ಅದು ೧೯೦೦ರಲ್ಲಿ ಪುಣೆಯ ಹೊರಗಿನ ಹಿಂಗಣೆಯಲ್ಲಿ ನೆಲೆಗೊಂಡಿತು. ಗೋದೂಬಾಯಿಯವರ ತಂಗಿ ಪಾರ್ವತೀಬಾಯಿ ಆಠವಲೆಯವರೂ ವಿಧವೆಯೇ. ಅವರು ಆ ಆಶ್ರಮಕ್ಕಾಗಿ ಊರೂರು ಸುತ್ತಿ ಭಿಕ್ಷೆಯೆತ್ತಿದರು. ೧೯೧೬ರಲ್ಲಿ ಕರ್ವೆಯವರ ಮಹಿಳಾ ವಿದ್ಯಾಪೀಠವು ಹುಟ್ಟಿತು. ೧೯೫೮ರಲ್ಲಿ, ನೂರು ವರ್ಷದ ವೃದ್ಧರಾಗಿದ್ದ ಕರ್ವೆಯವರಿಗೆ ಭಾರತರತ್ನ ಪ್ರಶಸ್ತಿಯು ಸಂದಿತು. ಶಾರದಾ ಸದನವನ್ನು ಬೈದವರೂ ಹೊಗಳಿದವರೂ ಈ ಬಳ್ಳಿಯ ಮೂಲವನ್ನು ಅಲ್ಲಗಳೆಯಲಾರರು.

೭

ವಿವಾದದ ಬಳಿಕ ರಮಾಬಾಯಿಯವರ ಕಾರ್ಯವು ಬೇರೊಂದು ದಿಕ್ಕನ್ನು ಹಿಡಿಯಿತು. ೧೮೯೬-೯೭ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ, ಹಸಿವೆಯಿಂದಲೂ ಹೆಂಗಸರನ್ನು ಮಾರುವವರ ಕೈಯಿಂದಲೂ ಪಾರುಮಾಡಿ, ಸುಮಾರು ಮುನ್ನೂರು ಮಂದಿ ಸ್ತ್ರೀಯರನ್ನೂ ಬಾಲಿಕೆಯರನ್ನೂ ಅವರು ಕರೆತಂದರು. ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡವರಿಗೆ ಕ್ಷಾಮದ ಮುಖವನ್ನು ಯಾರೂ ಬಣ್ಣಿಸಬೇಕಾಗಿರಲಿಲ್ಲ. ಪುಣೆಗೆ ಸೋಲಾಪುರದ ದಾರಿಯಲ್ಲಿರುವ ಕೇಡಗಾವಿನಲ್ಲಿ ಮೊದಲೇ ಕೊಂಡಿದ್ದ ನೂರು ಎಕರೆಯಷ್ಟು ಹೊಲದಲ್ಲಿ ‘ಮುಕ್ತಿ’ಯೆಂಬ ಊರೇ ಎದ್ದಿತು. ೧೯೦೦ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿಯ ನಿವಾಸಿಗಳ ಸಂಖ್ಯೆಯು ಎರಡು ಸಾವಿರದ ಸಮೀಪಕ್ಕೆ ಬಂದಿತು. ಭಾವಿಗಳನ್ನು ತೋಡಿಸಿದರು. ನೆಯ್ಗೆ, ಎಣ್ಣೆಯ ಗಾಣ, ಹೈನು, ತೋಟ, ಮುದ್ರಣಾಲಯ, ಎಲ್ಲವನ್ನೂ ಹೆಂಗಸರೇ ನಡೆಸಿದರು. ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿಯನ್ನು ಮನೋರಮೆಯವರು ಕುರುಡುಬಾಲಿಕೆಯರಿಗೆ ಕಲಿಸಿದರು. ಇಲ್ಲಿ ಬ್ರಾಹ್ಮಣ ವಿಧವೆಯರು ಮಾತ್ರವಲ್ಲ, ಎಲ್ಲ ಜಾತಿಯ ಹೆಂಗಸರೂ ಇದ್ದರು. ಆದರೆ ಮುಕ್ತಿಯು ಬಹಿರಂಗವಾಗಿ ಕ್ರೈಸ್ತಸಂಸ್ಥೆ. ಶಾರದಾ ಸದನದ ಮತನಿರಪೇಕ್ಷತೆಯು ಅದರಲ್ಲಿರಲಿಲ್ಲ. ಲಾಭವಾದಂತೆ ನಷ್ಟವೂ ಆಯಿತೆಂಬುದನ್ನು ಚರಿತ್ರಕಾರನು ಮುಚ್ಚಿಡಬಾರದು.

ಕನ್ನಡದ ಸೀಮೆಯೊಡನೆ ಸಂಬಂಧವು ಕೊನೆಯ ಕಾಲದಲ್ಲಿ ಮತ್ತೊಮ್ಮೆ ಕುದುರಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ಆಗ ನಿಜಾಮರ ರಾಜ್ಯದಲ್ಲಿದ್ದ ಕಲಬುರ್ಗಿಯಲ್ಲಿ, ರಮಾಬಾಯಿಯವರು ಒಂದು ಪ್ರೌಢಶಾಲೆಯನ್ನು ತೆರೆದು ಅದರ ಭಾರವನ್ನು ಮನೋರಮೆಯವರಿಗೆ ಒಪ್ಪಿಸಿದರು. ೧೯೧೯ರಲ್ಲಿ ಸರಕಾರವು ಕೈಸರ್-ಎ-ಹಿಂದ್ ಪದಕವನ್ನಿತ್ತು ಗೌರವಿಸಿತು. ೧೯೨೧ರಲ್ಲಿ ಮಗಳು ತಾಯಿಗಿಂತ ಮೊದಲೇ ತೀರಿಕೊಂಡಳು. ಹೀಬ್ರೂ ಗ್ರೀಕು ಭಾಷೆಗಳನ್ನು ಕಲಿತು, ಓದು ಕಡಿಮೆಯಾದ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಬೈಬಲನ್ನು ಅನುವಾದಿಸುತ್ತಿದ್ದ ರಮಾಬಾಯಿಯವರು ಆ ಕಾರ್ಯವನ್ನು ಮುಗಿಸಿ, ೧೯೨೨ರ ಏಪ್ರಿಲ್ ೫ರಂದು ಕೇಡಗಾವಿನಲ್ಲಿ ಕಾಲವಾದರು. ೧೯೮೯ರಲ್ಲಿ, ಸದನವು ಆರಂಭವಾಗಿ ನೂರು ವರ್ಷ ತುಂಬಿದಾಗ, ಭಾರತ ಸರಕಾರವು ಅವರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು. ಕೇಡಗಾವಿನ ಮುಕ್ತಿಯು ಇಂದಿಗೂ ಇದೆ.

ರಮಾಬಾಯಿಯವರ ಮತಾಂತರವನ್ನು ಒಪ್ಪದವರು ಹಿಂದೆಯೂ ಇದ್ದರು, ಇಂದೂ ಇರುವರು. ಅದು ಅವರವರ ನಿಷ್ಠೆಗೆ ಸಂಬಂಧಿಸಿದುದು. ಆದರೆ ಆ ಒಂದು ಕಾರಣದಿಂದ ಅವರನ್ನು ಮರೆತುಬಿಡುವುದು ಕೃತಘ್ನತೆಯಾದೀತು. ಮನೆಯ ಮಗಳು ಮುನಿದು ಹೊರಗೆ ಹೋದರೆ, ಅವಳು ಹೋದುದೆಲ್ಲಿಗೆಂದು ವಿಚಾರಿಸುವುದಕ್ಕೆ ಮುನ್ನ ಹೋದುದೇಕೆಂದು ವಿಚಾರಿಸುವುದು ಹಿರಿಯರಾದವರ ಧರ್ಮ. ಪುಣೆಯಲ್ಲಿ ಕರ್ವೆಯವರು ಆ ವಿಚಾರವನ್ನು ಮಾಡಿದರು. ಅದಕ್ಕಾಗಿಯೇ ಅವರ ಆಶ್ರಮವು ಬೆಳೆಯಿತು.

ಗಂಗಾಮ��ಲದಲ್ಲಿ ಹುಟ್ಟಿದ ಮೂರು ನದಿಗಳಲ್ಲಿ ಒಂದು ಪಡುವಲಿಗೆ ಹರಿಯುತ್ತದೆ, ಎರಡು ಮೂಡಲಿಗೆ ಹರಿಯುತ್ತವೆ. ದಿಕ್ಕು ಬೇರೆಯೆಂದು ನೀರಿನ ಮೂಲವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆ ಕಾಡಿನಲ್ಲಿ ಅನಂತಶಾಸ್ತ್ರಿಗಳು ಹೆಂಡತಿಗೆ ಹೇಳಿಕೊಟ್ಟ ಪಾಠವನ್ನು ಆ ತಾಯಿಯು ಬೆಳಗಿನ ಜಾವದಲ್ಲಿ ಮಗಳಿಗೆ ಹೇಳಿಕೊಟ್ಟಳು. ಆ ಮಗಳು ಸಾವಿರಾರು ಮಂದಿಗೆ ಹೇಳಿಕೊಟ್ಟಳು. ಹೆಣ್ಣುಮಗುವಿನ ಓದನ್ನು ಅರ್ಧದಲ್ಲಿ ನಿಲ್ಲಿಸಿ ಮದುವೆಗೆ ಅಣಿಮಾಡುವ ಮನೆಗಳು ಇಂದಿಗೂ ಇಲ್ಲದಿಲ್ಲ. ಅಂತಹ ಮನೆಯಲ್ಲಿ ಒಂದು ಹುಡುಗಿಯ ಪುಸ್ತಕವು ಮುಚ್ಚದಂತೆ ನೋಡಿಕೊಂಡರೆ, ಶಾರದಾ ಸದನಕ್ಕೆ ಕನ್ನಡನಾಡು ಸಲ್ಲಿಸಬೇಕಾದ ಋಣದಲ್ಲಿ ಒಂದು ಪಾಲು ಸಂದಂತಾಗುವುದು.